ಪದಚರ್ಚೆ: ‘ಒಗಟಿನ ತುಂಡು’, ‘ಅನಂತ ಚಿಹ್ನೆ’, ‘ಸ್ವೀಕಾರ’: ಆಟಿಸಂ ಬ್ಯಾನರಿಗೆ ಯಾವ ಮಾತು?

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ 2ರ ಆಟಿಸಂ ದಿನಕ್ಕೆ ಮಡಿಕೇರಿಯಲ್ಲಿ ಒಂದು ಸಭೆ, ಸಣ್ಣದೊಂದು ನಡಿಗೆ ಇಟ್ಟುಕೊಂಡಿದ್ದೇವೆ. ಬ್ಯಾನರ್, ಕರಪತ್ರ ಎರಡೂ ಕನ್ನಡದಲ್ಲೇ ಆಗಬೇಕು. ಕೈಗೆ ಸಿಕ್ಕಿರುವ ಹಳೆಯ ಮಾದರಿಯಲ್ಲಿ ನೀಲಿ ಬಣ್ಣದ ಪಜಲ್ ತುಂಡಿದೆ. ಅದರಡಿ ‘ಸ್ವಲೀನತೆಯಿಂದ ಬಳಲುತ್ತಿರುವ ಮಕ್ಕಳ ಒಗಟು ಬಿಡಿಸೋಣ, ಜಾಗೃತಿ ಮೂಡಿಸೋಣ’ ಎಂಬ ಸಾಲಿದೆ. ಆ ಚಿತ್ರ ಬೇಡ, ಈಗ ∞ ಹಾಕುತ್ತಾರೆ ಎಂದು ಕೆಲವು ತಂದೆತಾಯಿಯರು ಹೇಳುತ್ತಿದ್ದಾರೆ. ∞ಗೆ ಓದುವವರಿಗೆಲ್ಲ ತಿಳಿಯುವ ಕನ್ನಡ ಹೆಸರು ಯಾವುದು? ‘ಜಾಗೃತಿ’ ತೆಗೆದು ‘ಸ್ವೀಕಾರ’ ಹಾಕಿದರೆ ಸಾಕೇ? ‘ಸ್ವಲೀನತೆ’ ಉಳಿಸಿಕೊಳ್ಳಬೇಕೇ, ‘ಆಟಿಸಂ’ ಎಂದೇ ಬರೆಯಬೇಕೇ? ಪ್ರಿಂಟಿಗೆ ಕೊಡಲು ಇನ್ನೊಂದು ವಾರ ಇದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ವಿರಾಜಪೇಟೆಯಿಂದ)

ಮೇಡಂ, ಆ ಹಳೆಯ ಸಾಲಿನ ಒಂದೊಂದು ಪದವೂ ಆ ಚಿತ್ರದ ಬೆನ್ನಿಗೇ ಬಂದದ್ದು. ಚಿತ್ರ ಬದಲಿಸಿ ಸಾಲನ್ನು ಹಾಗೇ ಬಿಟ್ಟರೆ ∞ ಕೆಳಗೂ ಹಳೆಯ ಅರ್ಥವೇ ಕೂತಿರುತ್ತದೆ. ಹಾಗಾಗಿ ಚಿತ್ರ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ಪಜಲ್ ತುಂಡು 1963ರದು. ಲಂಡನ್ನಿನಲ್ಲಿ ಅದರ ಹಿಂದಿನ ವರ್ಷ ತಂದೆತಾಯಿಯರು ಸೇರಿ ಕಟ್ಟಿದ ಸಂಘವೊಂದು, ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ, ತನಗೊಂದು ಗುರುತು ಬೇಕೆಂದಾಗ ಅದರ ಮಂಡಳಿಯಲ್ಲಿದ್ದ ಜೆರಾಲ್ಡ್ ಗ್ಯಾಸನ್ ಎಂಬ ತಂದೆ ಇದನ್ನು ರೂಪಿಸಿದರು. ಈಗ ಕಾಣುವ ಖಾಲಿ ತುಂಡಿನಂತೆ ಅದು ಇರಲಿಲ್ಲ, ತುಂಡಿನೊಳಗೆ ಅಳುವ ಮಗುವಿನ ಚಿತ್ರವಿತ್ತು. ಈ ಸ್ಥಿತಿ ಯಾರಿಗೂ ತಿಳಿಯದ್ದು, ಈ ಮಗು ಎಲ್ಲಿಯೂ ಹೊಂದಿಕೊಳ್ಳದು, ಅದು ನರಳುತ್ತಿದೆ ಎಂಬ ಮೂರು ಮಾತನ್ನೂ ಆ ಒಂದು ಚಿತ್ರ ಹೇಳುತ್ತಿತ್ತು. ಅವರನ್ನು ದೂರುವ ಮನಸ್ಸು ನನಗಿಲ್ಲ. ತಾಯಿ ಮಗುವಿಗೆ ಪ್ರೀತಿ ತೋರದ್ದರಿಂದ ಆಟಿಸಂ ಬರುತ್ತದೆಂದು ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲ ಅದು. ‘ಕಾರಣ ಇನ್ನೂ ತಿಳಿದಿಲ್ಲ’ ಎನ್ನುವುದು ಆ ತಾಯಂದಿರಿಗೆ ಆಸರೆಯ ಮಾತಾಗಿತ್ತು ಎಂದೇ ನನ್ನ ಎಣಿಕೆ.

ಮುಂದೆ 1999ರಲ್ಲಿ ಅಮೆರಿಕದ ಆಟಿಸಂ ಸೊಸೈಟಿ ಬಣ್ಣಬಣ್ಣದ ಪಜಲ್ ತುಂಡುಗಳ ರಿಬ್ಬನ್ ತಂದಿತು. 2005ರಲ್ಲಿ ಹುಟ್ಟಿದ ಆಟಿಸಂ ಸ್ಪೀಕ್ಸ್ ಎಂಬ ಅಲ್ಲಿಯದೇ ಸಂಸ್ಥೆ ನೀಲಿ ತುಂಡನ್ನು ಲೋಗೋ ಮಾಡಿಕೊಂಡಿತು, 2010ರಿಂದ ಏಪ್ರಿಲ್‌ನಲ್ಲಿ ಕಟ್ಟಡಗಳಿಗೆ ನೀಲಿ ದೀಪ ಹಾಕುವ ಅಭಿಯಾನ ನಡೆಸಿತು. ನಿಮ್ಮ ಕೈಯಲ್ಲಿರುವ ಮಾದರಿ ಈ ಅಚ್ಚಿನದೇ. ನೀಲಿ ಎಂದರೆ ಗಂಡುಮಕ್ಕಳ ಬಣ್ಣ ಎಂಬ ರೂಢಿ ಪಶ್ಚಿಮದಲ್ಲಿದೆ. ಆಟಿಸಂ ಪತ್ತೆಯೂ ಹೆಚ್ಚಾಗಿ ಗಂಡುಮಕ್ಕಳಲ್ಲೇ ಆಗುತ್ತಿತ್ತು. ಸುಮ್ಮನಿರುವ ಹೆಣ್ಣುಮಗುವನ್ನು ‘ನಾಚಿಕೆ ಸ್ವಭಾವ’ ಎಂದು ಬಿಟ್ಟುಬಿಡುವುದು ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ನೀಲಿಯ ಮೇಲಿನ ಆಕ್ಷೇಪದಲ್ಲಿ ಇದೂ ಸೇರಿದೆ. ಆ ಸಂಸ್ಥೆಯೇ 2020ರಲ್ಲಿ ತನ್ನ ತುಂಡಿಗೆ ಹಲವು ಬಣ್ಣ ಹಚ್ಚಿತು, ತುಂಡನ್ನು ಮಾತ್ರ ಬಿಡಲಿಲ್ಲ.

ತುಂಡು ನೋಡುವವರ ಮನಸ್ಸಿನಲ್ಲಿ ಏನು ಹುಟ್ಟಿಸುತ್ತದೆ ಎಂಬುದನ್ನು 400 ಜನರ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ‘ಆಟಿಸಂ’ ಎಂಬ ಹೆಸರಿನ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಲೋಗೋಗಳಲ್ಲಿರುವ ತುಂಡುಗಳಷ್ಟೇ ಅಲ್ಲ, ಯಾವ ಲೋಗೋಗೂ ಸೇರದ ಬಿಡಿ ತುಂಡುಗಳನ್ನೂ ಜನ ‘ಅಪೂರ್ಣ’, ‘ಕುಂದು’, ‘ವಿಚಿತ್ರ’ ಎಂಬ ಮಾತುಗಳೊಡನೆ ಜೋಡಿಸಿದರು. ಆ ಪತ್ರಿಕೆ ಅದೇ ವರ್ಷ ತನ್ನ ಮುಖಪುಟದಿಂದ ತುಂಡನ್ನು ತೆಗೆಯಿತು. ಬಣ್ಣ ಬದಲಿಸಿದರೆ ತುಂಡಿನ ಅರ್ಥ ಬದಲಾಗುವುದಿಲ್ಲ ಎಂದು ನಾನು ಹೇಳುವುದಕ್ಕೆ ಇದೇ ಆಧಾರ.

ಇನ್ನು ಕನ್ನಡಕ್ಕೆ ಬರೋಣ. ‘ಒಗಟಿನ ತುಂಡು’ ಎಂಬುದು ಕನ್ನಡದಲ್ಲಿ ನಿಲ್ಲುವ ಮಾತೇ ಅಲ್ಲ. ನಮ್ಮಲ್ಲಿ ಒಗಟು ಬಾಯಿಮಾತಿನದು. ಒಬ್ಬರು ಒಡ್ಡುತ್ತಾರೆ, ಇನ್ನೊಬ್ಬರು ಬಿಡಿಸುತ್ತಾರೆ, ಅದಕ್ಕೆ ತುಂಡುಗಳಿರುವುದಿಲ್ಲ. ಚಿತ್ರ ಜೋಡಿಸುವ ಆಟಕ್ಕೆ ಜನ ‘ಪಜಲ್’ ಎಂದೇ ಹೇಳುತ್ತಾರೆ. ‘ಪದಬಂಧ’ದ ಮಾದರಿಯಲ್ಲಿ ‘ಚಿತ್ರಬಂಧ’ ಎನ್ನಲೂಬಹುದು. ಹಳೆಯ ಚಿಹ್ನೆಯ ಬಗ್ಗೆ ಬರೆಯುವಾಗ ‘ಪಜಲ್ ತುಂಡು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ‘ಮಕ್ಕಳ ಒಗಟು ಬಿಡಿಸೋಣ’ ಎಂಬ ಸಾಲಿನ ತೊಡಕು ಬೇರೆ. ಒಗಟಿಗೆ ಒಂದೇ ಉತ್ತರ, ಅದು ಸಿಕ್ಕಿದ ಮೇಲೆ ಒಗಟೇ ಮುಗಿಯುತ್ತದೆ. ಮಗುವಿನ ಎದುರು ಓದುವ ಸಾಲಾಗಿ ಅದು ಬೇಡ, ಪೂರ್ತಿ ತೆಗೆದುಬಿಡಿ.

∞ ಬಂದದ್ದು ಆಟಿಸಂ ಇರುವವರ ಕಡೆಯಿಂದಲೇ. ಆಟಿಸ್ಟಿಕ್ ಪ್ರೈಡ್ ಡೇ ಎಂಬ ದಿನವನ್ನು ಅವರ ಗುಂಪೊಂದು 2005ರ ಜೂನ್ 18ರಂದು ಮೊದಲ ಸಲ ಆಚರಿಸಿತು. ಕಾಮನಬಿಲ್ಲಿನ ಬಣ್ಣದ ∞ ಅದರ ಜೊತೆ ಬೆಳೆಯಿತು. ಇಂದು ರೂಢಿ ಹೀಗಿದೆ: ಕಾಮನಬಿಲ್ಲಿನ ಬಣ್ಣದ್ದು ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಎಲ್ಲವನ್ನೂ ಒಳಗೊಂಡ ಮಿದುಳಿನ ವೈವಿಧ್ಯಕ್ಕೆ, ಚಿನ್ನದ ಬಣ್ಣದ್ದು ಆಟಿಸಂಗೆ. ಚಿನ್ನದ ರಾಸಾಯನಿಕ ಸಂಕೇತ ‘ಎಯು’, ಆಟಿಸಂ ಎಂಬ ಪದದ ಮೊದಲ ಎರಡು ಇಂಗ್ಲಿಷ್ ಅಕ್ಷರಗಳೂ ಅವೇ. ಕನ್ನಡದಲ್ಲಿ ಈ ಜಾಣ್ಮೆ ಕಾಣುವುದಿಲ್ಲ, ಅದರ ಬದಲು ಮಕ್ಕಳನ್ನು ‘ಚಿನ್ನ’ ಎಂದು ಕರೆಯುವ ನಮ್ಮ ರೂಢಿ ತಾನಾಗಿ ಬಂದು ಕೂರುತ್ತದೆ. ಅದು ಸವಿಯಾದ ಮಾತೇ. ಆದರೂ ‘ಚಿನ್ನದ ಮಕ್ಕಳು’ ಎಂಬ ಸಾಲು ಹಾಕಬೇಡಿ. ಆಟಿಸಂ ಬಾಲ್ಯದಲ್ಲಿ ಕಾಣಿಸಿಕೊಂಡು ಬಾಳಿಡೀ ಇರುವಂಥದ್ದು. ತೋಟದಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ದುಡಿಯುವ ದೊಡ್ಡವರಿಗೂ ಆ ಬ್ಯಾನರ್ ಸೇರಬೇಕು.

ಹೆಸರು ಕೇಳಿದಿರಿ. ಗಣಿತ ಪಾಠದಿಂದ ‘ಅನಂತ’ ಎಲ್ಲರಿಗೂ ಪರಿಚಯ, ಹಾಗಾಗಿ ‘ಅನಂತ ಚಿಹ್ನೆ’ ಸಾಕು. ‘ಅಪರಿಮಿತ’ ತಪ್ಪಲ್ಲ, ಆದರೆ ಆಡುಮಾತಿನಲ್ಲಿ ಇಲ್ಲ. ಕರಪತ್ರದಲ್ಲಿ ‘ಮಲಗಿಸಿದ ಎಂಟು’ ಎಂದು ವಿವರಿಸುವುದಾದರೆ 8 ಎಂದೇ ಅಂಕಿ ಹಾಕಿ, ಕನ್ನಡದ ೮ ಅನ್ನು ಎಷ್ಟು ಮಲಗಿಸಿದರೂ ಈ ಆಕಾರ ಬರುವುದಿಲ್ಲ. ‘ಮಿದುಳಿನ ವೈವಿಧ್ಯ’ ಎಂದು ಮೇಲೆ ಬರೆದದ್ದಕ್ಕೂ ಕಾರಣವಿದೆ. ‘ನರವೈವಿಧ್ಯ’ ಎಂದು ಕೆಲವರು ಬರೆಯುತ್ತಾರೆ. ಓದುವವರಿಗೆ ‘ನರ’ ಎಂದರೆ ಒಂದೋ ಮನುಷ್ಯ, ಇಲ್ಲವೇ ಗೋಡೆ ಜಾಹೀರಾತಿನ ನರದೌರ್ಬಲ್ಯ. ‘ಮನೋವೈವಿಧ್ಯ’ ಎಂದರೆ ಮಾನಸಿಕ ಕಾಯಿಲೆಯ ಕಡೆಗೆ ಎಳೆಯುತ್ತದೆ.

‘ಜಾಗೃತಿ’ ನಮ್ಮ ಫಲಕಗಳಲ್ಲಿ ಯಾವುದರ ಜೊತೆ ಬರುತ್ತದೆ ನೋಡಿ: ಡೆಂಗಿ ಜಾಗೃತಿ, ಏಡ್ಸ್ ಜಾಗೃತಿ, ಕಾಡಾನೆ ಸಂಚಾರದ ಜಾಗೃತಿ. ಬರುವ ಅಪಾಯಕ್ಕೆ ಎಚ್ಚರವಾಗಿರಿ ಎಂಬ ಧ್ವನಿ ಅದರಲ್ಲಿ ಬಲವಾಗಿದೆ. ವಿಶ್ವಸಂಸ್ಥೆ 2007ರ ಡಿಸೆಂಬರ್ 18ರಂದು ನಿರ್ಣಯ ಮಾಡಿ, 2008ರಿಂದ ಆಚರಣೆಗೆ ಬಂದ ಏಪ್ರಿಲ್ 2ರ ದಿನದ ಹೆಸರಿನಲ್ಲಿ ‘ಅರಿವು’ ಎಂಬ ಅರ್ಥದ ಪದವಿದೆ. ದಿನದ ಹೆಸರು ಹಾಕಲೇಬೇಕಾದರೆ ‘ವಿಶ್ವ ಆಟಿಸಂ ಅರಿವಿನ ದಿನ’ ಎಂದು ಬರೆಯಿರಿ, ‘ಜಾಗೃತಿ’ಗಿಂತ ಅದು ಮೆದು. ಅರಿವಿನಿಂದ ಒಪ್ಪುವಿಕೆಯ ಕಡೆಗೆ ಸರಿಯಬೇಕು ಎಂಬ ಒತ್ತಾಯ ಆಟಿಸಂ ಇರುವವರಿಂದ 2011ರ ಹೊತ್ತಿಗೇ ಶುರುವಾಗಿತ್ತು. ಅಮೆರಿಕದ ಆಟಿಸಂ ಸೊಸೈಟಿ 2021ರಲ್ಲಿ ತಾನು ಏಪ್ರಿಲ್‌ನಲ್ಲಿ ಆಚರಿಸುವ ಆಟಿಸಂ ತಿಂಗಳ ಹೆಸರನ್ನೇ ‘ಅರಿವು’ ತೆಗೆದು ‘ಒಪ್ಪುವಿಕೆ’ ಎಂದು ಬದಲಿಸಿತು.

ಆದರೆ ‘ಸ್ವೀಕಾರ’ ಎಂದರೆ ನಮ್ಮ ಕಿವಿಗೆ ಅಧಿಕಾರ ಸ್ವೀಕಾರ, ಅರ್ಜಿ ಸ್ವೀಕಾರ. ಕಚೇರಿಯ ಕಿಟಕಿಯಲ್ಲಿ ನಡೆಯುವ ಕೆಲಸದಂತೆ ಕೇಳುತ್ತದೆ. ‘ಒಪ್ಪಿಕೊಳ್ಳುವುದು’ ಹತ್ತಿರದ್ದು, ಆದರೆ ತಪ್ಪು ಒಪ್ಪಿಕೊಳ್ಳುವುದು, ಬೇರೆ ದಾರಿಯಿಲ್ಲದೆ ಒಪ್ಪಿಕೊಳ್ಳುವುದು ಎಂಬ ನೆರಳು ಅದರ ಮೇಲಿದೆ. ನನಗೆ ಹಿಡಿಸುವುದು ‘ಒಪ್ಪು’ ಎಂಬ ಬರಿಯ ಧಾತು. ‘ಈ ಬಣ್ಣ ನಿನಗೆ ಒಪ್ಪುತ್ತದೆ’ ಎನ್ನುವಾಗಿನ ಹೊಂದಿಕೆ, ಹಳಗನ್ನಡದಲ್ಲಿ ಅದಕ್ಕಿದ್ದ ಶೋಭಿಸು ಎಂಬ ಅರ್ಥ ಎರಡೂ ಅದರಲ್ಲಿವೆ. ‘ಇದ್ದ ಹಾಗೇ ಒಪ್ಪೋಣ, ಜೊತೆ ಸೇರಿಸಿಕೊಳ್ಳೋಣ’ ಎಂದು ಕ್ರಿಯಾಪದದಲ್ಲೇ ಬರೆಯಿರಿ. ‘ಸಹಿಸಿಕೊಳ್ಳೋಣ’, ‘ಸಹಾನುಭೂತಿ ತೋರೋಣ’ ಎರಡೂ ಬೇಡ.

‘ಸ್ವಲೀನತೆ’ಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಗ್ರೀಕಿನ ‘ತಾನು’ ಎಂಬ ಪದದಿಂದ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1911ರ ಸುಮಾರಿಗೆ ಆಟಿಸಂ ಎಂಬ ಮಾತು ಕಟ್ಟಿದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ, ಹೊರಲೋಕ ಬಿಟ್ಟು ತನ್ನೊಳಗೆ ಸೇರಿಹೋಗುವುದಕ್ಕೆ. 1943ರಲ್ಲಿ ಇನ್ನೊಬ್ಬ ಮನೋವೈದ್ಯ ಲಿಯೋ ಕ್ಯಾನರ್ ಅದೇ ಮಾತನ್ನು ಮಕ್ಕಳ ವಿಷಯಕ್ಕೆ ತಂದರು. ‘ಸ್ವಲೀನತೆ’, ‘ಸ್ವಮಗ್ನತೆ’ ಎರಡೂ ಆ ಹಳೆಯ ಅರ್ಥವನ್ನೇ ಅಕ್ಷರಶಃ ಹಿಡಿದಿವೆ. ಈಗಿನ ವೈದ್ಯರು ನೋಡುವುದು ಬೇರೆ: ಇತರರೊಡನೆ ಸಂವಹನ ನಡೆಸುವ ರೀತಿಯಲ್ಲಿನ ವ್ಯತ್ಯಾಸ ಒಂದು ಕಡೆ, ಮತ್ತೆಮತ್ತೆ ಅದೇ ಮಾಡುವುದು, ಗಟ್ಟಿಯಾದ ಆಸಕ್ತಿಗಳು, ಶಬ್ದ-ಬೆಳಕು-ಸ್ಪರ್ಶಗಳು ಅತಿಯಾಗಿ ಅಥವಾ ಕಡಿಮೆಯಾಗಿ ತಟ್ಟುವುದು ಇನ್ನೊಂದು ಕಡೆ. ಜೊತೆಗೆ ‘ಲೀನ’ ಎಂದಾಗ ಮಗು ತಾನಾಗಿ ಬಾಗಿಲು ಹಾಕಿಕೊಂಡಿದೆ, ನಮ್ಮ ಸಹವಾಸ ಅದಕ್ಕೆ ಬೇಡ ಎಂದು ಓದುಗ ತಿಳಿಯುತ್ತಾನೆ. ಸಹವಾಸ ಬೇಕು, ದಾರಿ ತಿಳಿಯದು ಎಂಬ ಮಕ್ಕಳು ಎಷ್ಟೋ. ‘ಆಟಿಸಂ’ ಎಂದೇ ಬರೆಯಿರಿ. ಇಲಾಖೆಯ ಕಾಗದಗಳಲ್ಲಿ, ಪತ್ರಿಕೆಗಳಲ್ಲಿ ‘ಸ್ವಲೀನತೆ’ ಕಾಣಸಿಗುವುದರಿಂದ ಕರಪತ್ರದಲ್ಲಿ ಒಮ್ಮೆ ಮಾತ್ರ ‘ಆಟಿಸಂ (ಸ್ವಲೀನತೆ)’ ಎಂದು ಕೊಟ್ಟು ಮುಂದೆ ಬಿಡಿ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಮಲಯಾಳ, ತಮಿಳು, ಯರವ ಆಡುವವರಿಗೂ, ಕೊಡವ ತಕ್ಕ್, ಅರೆಭಾಷೆ ಆಡುವ ಮನೆಗಳಿಗೂ ಆಸ್ಪತ್ರೆಯಲ್ಲಿ ಕಿವಿಗೆ ಬೀಳುವುದು ಆ ಪದವೇ.

ಕೊನೆಗೆ ‘ಬಳಲುತ್ತಿರುವ’. ಇದು ಪತ್ರಿಕೆಯ ಸಿದ್ಧ ಮಾತು, ‘ಪೀಡಿತ’ವೂ ಹಾಗೇ. ಕನ್ನಡಕ್ಕೆ ಅದರ ಅಗತ್ಯವೇ ಇಲ್ಲ. ‘ಅವಳಿಗೆ ಆಟಿಸಂ ಇದೆ’ ಎನ್ನಿ. ‘ಅವಳಿಗೆ ಇಬ್ಬರು ತಮ್ಮಂದಿರಿದ್ದಾರೆ’, ‘ಅವಳಿಗೆ ಒಳ್ಳೆಯ ಕಂಠ ಇದೆ’ ಎನ್ನುವುದೂ ಇದೇ ಚತುರ್ಥಿಯಲ್ಲಿ, ಯಾವ ಮರುಕವೂ ಇಲ್ಲದೆ. ವ್ಯಕ್ತಿ ಮೊದಲೋ ಆಟಿಸಂ ಮೊದಲೋ ಎಂದು ಇಂಗ್ಲಿಷಿನಲ್ಲಿ ದೊಡ್ಡ ವಾದವಿದೆ. ನಮ್ಮಲ್ಲಿ ವಿಶೇಷಣ ಯಾವಾಗಲೂ ಮುಂದೆಯೇ ಬರುವುದರಿಂದ ‘ಆಟಿಸಂ ಇರುವ ವ್ಯಕ್ತಿ’, ‘ಆಟಿಸ್ಟಿಕ್ ವ್ಯಕ್ತಿ’ ಎರಡರಲ್ಲೂ ಕ್ರಮ ಒಂದೇ. ಅವರವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೆ ಬರೆಯಿರಿ. ‘ಬುದ್ಧಿಮಾಂದ್ಯ’ ಎಂಬುದನ್ನು ಮಾತ್ರ ಆಟಿಸಂಗೆ ಸಮಾನವಾಗಿ ಎಲ್ಲೂ ಬಳಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಆಟಿಸಂ ಬೇರೆ, ಬೌದ್ಧಿಕ ವೈಕಲ್ಯ ಬೇರೆ. ಎರಡೂ ಒಬ್ಬರಲ್ಲೇ ಇರಬಹುದು, ಇಲ್ಲದೆಯೂ ಇರಬಹುದು.

ಇನ್ನೊಂದು ಉತ್ತರ (ಕುಶಾಲನಗರದಿಂದ)

ಪದಗಳ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ಪ್ರಿಂಟಿಗೆ ಹೋದಾಗ ಎಲ್ಲಿ ಕೆಡುತ್ತದೆ ಎಂಬುದನ್ನು ಸೇರಿಸುತ್ತೇನೆ.

ಡಿಟಿಪಿ ಅಂಗಡಿಗಳಲ್ಲಿ ಈಗಲೂ ಯೂನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಅಕ್ಷರಗಳೇ ಹೆಚ್ಚು. ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಸಾಲನ್ನು ಬದಲಿಸಿ ಹಾಕುವಾಗ ∞ ಬೇರಾವುದೋ ಅಕ್ಷರವಾಗಿ ಬರುತ್ತದೆ, ಇಲ್ಲವೇ ಖಾಲಿ ಚೌಕ. ಅದನ್ನು ಅಕ್ಷರವಾಗಿ ಟೈಪ್ ಮಾಡಿಸಬೇಡಿ, ಕೋರೆಲ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಚಿತ್ರವಾಗಿ ಬರೆಸಿ. ಗಣಿತದ ಅಕ್ಷರದಲ್ಲಿ ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು ಇರುತ್ತದೆ. ಚಿಹ್ನೆಗೆ ಒಂದೇ ದಪ್ಪದ ಗೆರೆ ಚೆನ್ನ. ಬ್ಯಾಡ್ಜ್‌ನಲ್ಲಿ ಚಿಕ್ಕದಾಗಿ ಹಾಕುವಾಗ ಎರಡು ಕುಣಿಕೆಗಳ ಒಳಗೆ ಕನಿಷ್ಠ 3 ಮಿ.ಮೀ. ಖಾಲಿ ಜಾಗ ಬಿಡಿಸಿ, ಇಲ್ಲದಿದ್ದರೆ ಶಾಯಿ ತುಂಬಿ ಎರಡು ಬೊಟ್ಟಿನಂತೆ ಕಾಣುತ್ತದೆ.

ಚಿನ್ನದ ಬಣ್ಣ ಸಾಮಾನ್ಯ ನಾಲ್ಕು ಬಣ್ಣದ ಪ್ರಿಂಟಿನಲ್ಲಿ ಬರುವುದಿಲ್ಲ. ಪರದೆಯ ಮೇಲೆ ಹೊಳೆಯುವ ನೆರಳು-ಬೆಳಕಿನ ಚಿನ್ನ ಬಟ್ಟೆಯ ಮೇಲೆ ಕೊಳೆ ಕಂದಾಗುತ್ತದೆ. ಸಯಾನ್ 0, ಮಜೆಂಟಾ 25, ಹಳದಿ 90, ಕಪ್ಪು 5ರ ಸುಮಾರಿಗೆ ಒಂದೇ ಬಣ್ಣ ಕೊಡಿಸಿದರೆ ತಿಳಿ ಸಾಸಿವೆ ಹಳದಿ ಸಿಗುತ್ತದೆ, ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಈ ಹಳದಿಯಲ್ಲಿ ಅಕ್ಷರ ಬರೆಸಬೇಡಿ, ಬಿಳಿಯ ಮೇಲೆ ಓದಲಾಗದು. ಅಕ್ಷರಕ್ಕೆ ಕಡು ಹಸಿರು ಅಥವಾ ಕಪ್ಪು ಇರಲಿ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿರುವುದರಿಂದ ಬಟ್ಟೆಯನ್ನೇ ಕೇಳಿ. 30 ಅಡಿ ದೂರಕ್ಕೆ ಓದಿಸಬೇಕಾದರೆ ಅಕ್ಷರ 3 ಇಂಚು ಎತ್ತರ ಇರಲಿ. ಸಾಲಿನ ನಡುವಿನ ಅಂತರ ಅದರ ಒಂದೂವರೆ ಪಾಲಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ‘ಆಟಿಸಂ ಸ್ಪೆಕ್ಟ್ರಂ’ ಎನ್ನುವಾಗಿನ ‘ಸ್ಪೆಕ್ಟ್ರಂ’ ಎಂಬ ಪದದಲ್ಲಿ ಕಕಾರದ ಕೆಳಗೆ ಎರಡು ಒತ್ತು ಬರುವುದರಿಂದ ಅದು ಮೊದಲು ಕೆಡುವ ಪದ. ಬ್ಯಾನರಿನಲ್ಲಿ ಅದನ್ನು ಬಿಡಿ, ಕರಪತ್ರದಲ್ಲಿ ಬಳಸಿ. ವಿಜ್ಞಾನ ಪುಸ್ತಕದ ‘ರೋಹಿತ’, ‘ವರ್ಣಪಟಲ’ ಎರಡೂ ಇಲ್ಲಿ ಓದುಗನಿಗೆ ನೆರವಾಗುವುದಿಲ್ಲ, ‘ಒಬ್ಬೊಬ್ಬರಲ್ಲಿ ಒಂದೊಂದು ರೀತಿ’ ಎಂದರೆ ವಿಷಯ ಮುಟ್ಟುತ್ತದೆ. ‘ಆಟಿಸಂನ’, ‘ಆಟಿಸಮ್ಮಿನ’ ಎರಡರಲ್ಲಿ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಉಳಿಸಿ.

ನೀಲಿಯ ಬಗ್ಗೆ ಇಲ್ಲಿಯದೇ ಒಂದು ಗೊಂದಲ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ವೈಕಲ್ಯದ ಪ್ರಮಾಣ 40%ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ‘ಆಟಿಸಂಗೆ ನೀಲಿ’ ಎಂಬ ಬ್ಯಾನರ್ ನೋಡಿ, ಆಟಿಸಂ ಇದ್ದವರಿಗೆಲ್ಲ ನೀಲಿ ಕಾರ್ಡೇ ಸಿಗುತ್ತದೆ ಎಂದು ತಿಳಿಯುವ ಸಾಧ್ಯತೆ ಇದೆ. ಕರಪತ್ರದ ಹಿಂಬದಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ಬಿಡಿಸಿ ಬರೆಯಿರಿ. ಆಟಿಸಂನ ವೈಕಲ್ಯ ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, 153ರ ಮೇಲೆ ತೀವ್ರ. ಇದು ಸವಲತ್ತಿಗೆ ಬೇಕಾದ ಲೆಕ್ಕ. ‘ಸೌಮ್ಯ’ ಎಂದು ಬರೆದ ಮಗುವಿಗೂ ಮಿಕ್ಸಿಯ ಸದ್ದು ತಡೆಯಲಾಗದೆ ಇರಬಹುದು. ಪರೀಕ್ಷೆಗೆ ನಮ್ಮ ಕಡೆಯವರು ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೂ ಹೋಗುತ್ತಾರೆ. ಅರ್ಜಿಗೆ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ‘ವಿಆರ್‌ಡಬ್ಲ್ಯೂ’ ಎನ್ನುವವರು, ನೆರವಾಗುತ್ತಾರೆ. ಕರಪತ್ರದಲ್ಲಿ ಆ ಹೆಸರನ್ನೇ ಹಾಕಿ.

ಮರುಪ್ರಶ್ನೆ (ಮಡಿಕೇರಿಯಿಂದ)

ಇಬ್ಬರಿಗೂ ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ‘ದೇವರ ಮಕ್ಕಳು’, ‘ವಿಶೇಷ ಮಕ್ಕಳು’ ಎಂದು ಸೇರಿಸಿ ಎಂದು ಸಮಿತಿಯ ಹಿರಿಯರು ಕೇಳುತ್ತಿದ್ದಾರೆ. ಮತ್ತೆ, ಸೂರ್ಯಕಾಂತಿ ಹೂವಿನ ಗುರುತೂ ಆಟಿಸಂದೇ ಎನ್ನುತ್ತಾರಲ್ಲ, ∞ ಬದಲು ಅದನ್ನು ಹಾಕಬಹುದೇ?

ಉತ್ತರ (ವಿರಾಜಪೇಟೆಯಿಂದ)

ಹಿರಿಯರ ಮನಸ್ಸು ಒಳ್ಳೆಯದು, ಆ ಮಾತನ್ನು ಭಾಷಣದಲ್ಲಿ ಅವರು ಹೇಳಿಕೊಳ್ಳಲಿ. ಬ್ಯಾನರಿಗೆ ಬೇಡ. ದೇವರ ಮಗು ಎಂದಕೂಡಲೇ ಶಾಲೆಯಲ್ಲಿ ಸೀಟು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಎಂಬ ಮನುಷ್ಯರ ಕೆಲಸ ಹಿಂದೆ ಸರಿಯುತ್ತದೆ. ‘ವಿಶೇಷ’ ಎಂಬುದು ಇಷ್ಟು ವರ್ಷ ಬಳಕೆಯಾಗಿ ಮಕ್ಕಳ ನಡುವೆ ಅಣಕದ ಮಾತೂ ಆಗಿಬಿಟ್ಟಿದೆ.

ಸೂರ್ಯಕಾಂತಿ ಆಟಿಸಂನ ಚಿಹ್ನೆ ಅಲ್ಲ. 2016ರಲ್ಲಿ ಲಂಡನ್ ಬಳಿಯ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಹೊರಗೆ ಕಾಣದ ಎಲ್ಲ ಬಗೆಯ ವೈಕಲ್ಯಗಳಿಗಾಗಿ ಶುರುವಾದ ಗುರುತು ಅದು. ಕೊರಳಿಗೆ ಹಾಕಿಕೊಳ್ಳುವ ಹಸಿರು ಟ್ಯಾಗಿನ ಮೇಲೆ ಹಳದಿ ಹೂ. ಹಾಕಿಕೊಂಡವರಿಗೆ ಸ್ವಲ್ಪ ಹೆಚ್ಚು ಸಮಯ, ತಾಳ್ಮೆ ಬೇಕು ಎಂದು ಅದು ಸಿಬ್ಬಂದಿಗೆ ಹೇಳುತ್ತದೆ. ಹಾಕಬೇಕೋ ಬೇಡವೋ ಎಂಬುದು ಅವರವರ ಇಷ್ಟ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಈ ವ್ಯವಸ್ಥೆ ಇದೆ. ಬರೆಯುವಾಗ ‘ಟ್ಯಾಗ್’ ಎಂದೇ ಬರೆಯಿರಿ, ‘ಕುತ್ತಿಗೆ ಪಟ್ಟಿ’ ಎಂದರೆ ನಾಯಿಯದು ಎಂದಾಗುತ್ತದೆ. ಪಜಲ್ ತುಂಡು, ∞ ಎರಡೂ ‘ನಾವು ಯಾರು’ ಎಂದು ಹೇಳುವ ಚಿಹ್ನೆಗಳು, ಸೂರ್ಯಕಾಂತಿ ‘ನೀವು ಏನು ಮಾಡಬೇಕು’ ಎಂದು ಹೇಳುವುದು. ಸಿಬ್ಬಂದಿಗೆ ತರಬೇತಿ ಇಲ್ಲದ ಕಡೆ ಆ ಟ್ಯಾಗ್ ಹಾಕಿಕೊಂಡರೆ ನೋಡುವವರ ಕಣ್ಣು ಮಾತ್ರ ಹೆಚ್ಚುತ್ತದೆ. ಬ್ಯಾನರಿಗೆ ∞ ಇರಲಿ.

ಒಪ್ಪುವ ಮಾತು ಬರೆಯುವಾಗ ನಮ್ಮ ಜಿಲ್ಲೆಯ ಕೆಲಸಗಳನ್ನೇ ಬರೆಯಬಹುದು. ಕರಪತ್ರಕ್ಕೆ ಈ ಸಾಲುಗಳು: ‘ಪುತ್ತರಿ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸುವ ಹೊತ್ತನ್ನು ಆಟಿಸಂ ಇರುವವರ ಮನೆಗೆ ಮೊದಲೇ ತಿಳಿಸಿ. ಮದುವೆಯಲ್ಲಿ ವಾಲಗದಿಂದ ದೂರ ಒಂದು ಸದ್ದಿಲ್ಲದ ಕೋಣೆ ಬಿಡಿ. ದಸರಾ ಮಂಟಪಗಳ ರಾತ್ರಿ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡ ಮಗುವನ್ನು ದಿಟ್ಟಿಸಬೇಡಿ. ಕೇಳಿದ ಪ್ರಶ್ನೆಗೆ ಉತ್ತರ ಬರಲು ಹತ್ತು ಎಣಿಸುವಷ್ಟು ಕಾಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಬೇಡಿ. ಕೈ ಬೀಸುವುದನ್ನು, ತೂಗಾಡುವುದನ್ನು ತಡೆಯಬೇಡಿ. ಮನಸ್ಸು ಸಮಾಧಾನಕ್ಕೆ ಬರುವುದು ಅದರಿಂದಲೇ.’

ನಿಮ್ಮ ಸಭೆಗೂ ಇವು ಸಲ್ಲುತ್ತವೆ. ನಡಿಗೆಯ ಮುಂದೆ ವಾಲಗ, ಪಟಾಕಿ ಬೇಡ. ಮೈಕ್ ಕಿರುಚದಂತೆ ಜನ ಬರುವ ಮೊದಲೇ ಸರಿಮಾಡಿಸಿ. ಚಪ್ಪಾಳೆಯ ಬದಲು ಎರಡೂ ಕೈ ಎತ್ತಿ ಆಡಿಸೋಣ ಎಂದು ನಿರೂಪಕರು ಶುರುವಿನಲ್ಲೇ ಹೇಳಲಿ. ಮಕ್ಕಳ ಫೋಟೋ ಪತ್ರಿಕೆಗೆ ಕೊಡುವಾಗ ತಂದೆತಾಯಿಯನ್ನು, ಹೇಳಬಲ್ಲ ಮಗುವಾದರೆ ಮಗುವನ್ನೂ ಕೇಳಿ. ಫೋಟೋದ ಜೊತೆಗೆ ಅಡಿಬರಹವನ್ನು ನೀವೇ ಬರೆದು ಕಳಿಸಿ, ಇಲ್ಲದಿದ್ದರೆ ಅಚ್ಚಿನಲ್ಲಿ ‘ಬಳಲುತ್ತಿರುವ’ ಮತ್ತೆ ಬರುತ್ತದೆ.

ಬ್ಯಾನರಿನ ಸಾಲು ಇಷ್ಟಿರಲಿ: ಮೇಲೆ ಸಾಸಿವೆ ಹಳದಿಯ ∞, ಅದರಡಿ ‘ಆಟಿಸಂ ಇರುವವರನ್ನು ಇದ್ದ ಹಾಗೇ ಒಪ್ಪೋಣ, ಜೊತೆ ಸೇರಿಸಿಕೊಳ್ಳೋಣ’, ಕೆಳಗೆ ಸಣ್ಣದಾಗಿ ‘ವಿಶ್ವ ಆಟಿಸಂ ಅರಿವಿನ ದಿನ, ಏಪ್ರಿಲ್ 2, ಮಡಿಕೇರಿ’. ಪ್ರೂಫ್ ಬಂದಾಗ ಇಲ್ಲಿ ಹಾಕಿ, ಒತ್ತಕ್ಷರ ನೋಡಿ ಹೇಳುತ್ತೇವೆ. ಊರಲ್ಲಿ ಆಟಿಸಂ ಇರುವ ದೊಡ್ಡವರು ಯಾರಾದರೂ ಇದ್ದರೆ ಅಚ್ಚಿಗೆ ಹೋಗುವ ಮೊದಲು ಅವರಿಗೂ ತೋರಿಸಿ, ಅವರು ಬೇಡವೆಂದ ಪದ ತೆಗೆಯಿರಿ.